ಊರ ಹೊಳೆಯಲ್ಲಿ ಗೆಂಡೆಗೆ ಗಾಳ: ರೀಲಿಲ್ಲದ ಕೋಲು ಹಿಡಿಯುವವರಿಗೆ

ಹೊಳೆಯನ್ನು ಮಗ್ಗುಲಲ್ಲೇ ಇಟ್ಟುಕೊಂಡ ಊರುಗಳು ಹಾಸನ ಜಿಲ್ಲೆಯಲ್ಲಿ ಕೆಲವೇ. ಸಕಲೇಶಪುರ, ಹೊಳೆನರಸೀಪುರಗಳಿಗೆ ಹೇಮಾವತಿ, ಬೇಲೂರಿಗೆ ಯಗಚಿ. ಈ ಲೇಖನವನ್ನು ಹೊಳೆನರಸೀಪುರದ ದಡವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬೇರೆ ಊರಿನವರು ತಮ್ಮ ಹೊಳೆಗೆ ತಕ್ಕಂತೆ ಅಲ್ಪಸ್ವಲ್ಪ ಬದಲಿಸಿಕೊಂಡರೆ ಸಾಕು.

ಈಚಿನ ವರ್ಷಗಳಲ್ಲಿ ರೀಲ್ ಇರುವ ರಾಡ್ ಎಲ್ಲರಿಗೂ ಸುಲಭವಾಗಿ ಸಿಗುತ್ತಿದೆ. ಅದನ್ನು ಕೊಂಡವರು ಮಾಡುವ ಮೊದಲ ಕೆಲಸ ನಡುಹೊಳೆಗೆ ಬೀಸಿ ಎಸೆಯುವುದು. ದೂರ ಎಸೆದಷ್ಟೂ ದೊಡ್ಡ ಮೀನು ಎಂಬ ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ಗೆಂಡೆಯ, ಅಂದರೆ ಕಾರ್ಪ್ ಜಾತಿಯ ಮೀನುಗಳ, ವಿಷಯದಲ್ಲಿ ಇದು ನಿಜವಲ್ಲ. ಹೊಳೆಯ ಹುಳುಹುಪ್ಪಟೆ, ಎಳೆ ಬೇರು, ಮರದಿಂದ ಉದುರಿದ ಹಣ್ಣು, ಪಾತ್ರೆ ತೊಳೆದಾಗ ಹರಿದುಹೋಗುವ ಅನ್ನದ ಅಗುಳು, ಎಲ್ಲವೂ ಸೇರುವುದು ದಡದ ಇಳಿಜಾರಿನ ಬುಡದಲ್ಲಿ. ಗದ್ದಲವಿಲ್ಲದ ಹೊತ್ತಿನಲ್ಲಿ ಗೆಂಡೆ ಅಲ್ಲಿಗೇ ಬಂದು ಮೇಯುತ್ತದೆ. ದಡದಿಂದ ನಾಲ್ಕು ಮಾರು ದೂರದ ನೀರನ್ನು ಚೆನ್ನಾಗಿ ಅರಿತವರಿಗೆ ನಲವತ್ತು ಮಾರು ದೂರದ ನೀರು ಬೇಕಾಗುವುದಿಲ್ಲ. ಕೋಲಿಗೆ ಎಟುಕುವುದೂ ಆ ಹತ್ತಿರದ ನೀರೇ. ಹಾಗಾಗಿ ಅದರ ಆಳ, ತಳ, ಹರಿವು ಎಲ್ಲವನ್ನೂ ತಿಳಿದುಕೊಳ್ಳದೆ ಬೇರೆ ದಾರಿಯಿಲ್ಲ. ಕೋಲಿನಲ್ಲಿ ಕಲಿತವರು ಮುಂದೆ ಯಾವ ಸಲಕರಣೆ ಹಿಡಿದರೂ ಒಳ್ಳೆಯ ಗಾಳಗಾರರಾಗುವುದು ಇದರಿಂದಲೇ.

ಗಾಳಕ್ಕೆ ಬರುವ ಮೀನುಗಳು

ನಮ್ಮ ಜಲಾಶಯ, ಹೊಳೆಗಳಲ್ಲಿ ಈಗ ಸಿಗುವ ಗೆಂಡೆ ಜಾತಿಯ ಮೀನುಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದವು. ಕಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಕಡೆಯವು. ಮೀನುಮರಿ ಬಿತ್ತನೆಯ ಮೂಲಕ ದಕ್ಷಿಣದ ನೀರಿಗೆ ಬಂದವು. ಸಾಮಾನ್ಯ ಗೆಂಡೆಯ ಒಂದು ತಳಿ 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ಬಂತು. ಬಯಲುಸೀಮೆಯ ಬೆಚ್ಚನೆಯ ನೀರಿಗೆ ಹೊಂದಿಕೊಳ್ಳುವ ಇನ್ನೊಂದು ತಳಿ 1957ರಲ್ಲಿ ಬ್ಯಾಂಕಾಕಿನಿಂದ ಬಂತು.

ಇವುಗಳ ಬಾಯಿ ನೋಡಿದರೆ ಎಲ್ಲಿ ಮೇಯುತ್ತವೆ ಎಂದು ಗೊತ್ತಾಗುತ್ತದೆ. ಕಟ್ಲಾದ ತಲೆ ದೊಡ್ಡದು, ಬಾಯಿ ಮೇಲ್ಮುಖ. ಅದು ಮೇಲ್ಪದರದ ಮೀನು. ರೋಹುವಿನ ತುಟಿಗೆ ಅಂಚು ಕಟ್ಟಿದಂಥ ಕುಚ್ಚು, ಅದು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದವು. ಸಾಮಾನ್ಯ ಗೆಂಡೆಗೆ ಬಾಯಿಯ ಎರಡೂ ಬದಿ ಸೇರಿ ನಾಲ್ಕು ಮೀಸೆಗಳಿವೆ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಅರೆಯುವ ಹಲ್ಲುಗಳಿವೆ. ತಳದ ಕೆಸರನ್ನು ಬಾಯಿಗೆ ಎಳೆದುಕೊಂಡು, ಬೇಕಾದದ್ದನ್ನು ಇಟ್ಟುಕೊಂಡು, ಬೇಡವಾದದ್ದನ್ನು ಉಗುಳುತ್ತದೆ. ಗಾಳದ ಮೇವನ್ನೂ ಹೀಗೆಯೇ ಎಳೆದು ಉಗುಳಿ ಪರೀಕ್ಷಿಸುತ್ತದೆ. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ಬೆಂಡಿನ ಆಟ ಅರ್ಥವಾಗಬೇಕಾದರೆ ಈ ಅಭ್ಯಾಸ ನೆನಪಿರಬೇಕು.

ಇನ್ನೊಂದು ಮೀನನ್ನು ಗುರುತಿಸಲೇಬೇಕು. ಕಾವೇರಿ ಕೊಳ್ಳದ ಮಹಶೀರ್, ನಮ್ಮವರ ಬಿಳಿಮೀನು. ಇದರಲ್ಲಿ ಬೆನ್ನಿಗೆ ಡುಬ್ಬವಿರುವ ಜಾತಿ ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಬೇರೆಲ್ಲೂ ಸಹಜವಾಗಿ ಹುಟ್ಟಿದ್ದಲ್ಲ. 2018ರಲ್ಲಿ ಅದನ್ನು ಅಳಿವಿನ ಅತಿ ಗಂಭೀರ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಮೀಸೆ ನೋಡಿ ಗುರುತಿಸಲು ಹೋದರೆ ಎಡವುತ್ತೀರಿ, ಏಕೆಂದರೆ ಅದಕ್ಕೂ ನಾಲ್ಕು ಮೀಸೆಗಳಿವೆ. ಬೆನ್ನಿನ ಈಜುರೆಕ್ಕೆ ನೋಡಿ. ಸಾಮಾನ್ಯ ಗೆಂಡೆಯದು ಬೆನ್ನಿನ ಅರ್ಧದಷ್ಟು ಉದ್ದಕ್ಕೆ ಹರಡಿಕೊಂಡಿರುತ್ತದೆ; ಮಹಶೀರಿನದು ಗಿಡ್ಡ, ಹುರುಪೆಗಳು ಬಹಳ ದೊಡ್ಡವು. ಗಿಡ್ಡ ರೆಕ್ಕೆ, ದೊಡ್ಡ ಹುರುಪೆ ಎರಡೂ ಒಟ್ಟಿಗೆ ಕಂಡರೆ ನೀರಿನಿಂದ ಎತ್ತದೆಯೇ ಗಾಳ ಬಿಡಿಸಿ ಬಿಟ್ಟುಬಿಡಿ. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ.

ಹೊರಡುವ ಮೊದಲು

ಒಳನಾಡಿನ ಮೀನುಗಾರಿಕೆಗೆ ರಾಜ್ಯದಲ್ಲಿ 1996ರ ಕಾಯ್ದೆಯಿದೆ. ಹೊಳೆ, ಕೆರೆ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಪರವಾನಗಿ ಅಥವಾ ಗುತ್ತಿಗೆಯ ಮೇಲೆ ನಡೆಯುತ್ತದೆ. ತಾಲ್ಲೂಕು ಕೇಂದ್ರದಲ್ಲಿರುವ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಒಮ್ಮೆ ಹೋಗಿ, ನೀವು ಕೂರಬೇಕೆಂದಿರುವ ಜಾಗವನ್ನು ಹೇಳಿ, ಗಾಳ ಹಾಕಲು ಏನು ಬೇಕು, ಯಾವ ತಿಂಗಳು ನಿಷೇಧವಿದೆ ಎಂದು ಕೇಳಿ ತಿಳಿದುಕೊಳ್ಳಿ. ಸಿಡಿಮದ್ದು ಹಾಕಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಹೊಳೆಯಲ್ಲಿ ಅಂಥದ್ದು ಕಂಡರೆ ಸುಮ್ಮನೆ ಎದ್ದು ಬರಬೇಡಿ, ಅದೇ ಕಚೇರಿಗೆ ತಿಳಿಸಿ.

ದೇವಸ್ಥಾನದ ಮುಂದಿನ ನೀರಿಗೆ ಗಾಳ ಹಾಕುವಂತಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ, ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಜನ ಪುರಿ ಹಾಕಿ ಕೈಮುಗಿಯುತ್ತಾರೆ. ಊರಿನ ಸ್ನಾನಘಟ್ಟಕ್ಕೂ ಇದೇ ಮರ್ಯಾದೆ ಸಲ್ಲಬೇಕು. ಬಟ್ಟೆ ಒಗೆಯುವ, ಮಕ್ಕಳು ಈಜುವ ಸೋಪಾನದಿಂದ ದೂರ ಹೋಗಿ ಕೂತುಕೊಳ್ಳಿ.

ಹೊಳೆಯನ್ನೇ ನಂಬಿ ಬದುಕುವ ಬೆಸ್ತರು ತೆಪ್ಪದಲ್ಲಿ ಬಂದು ರಾತ್ರಿ ಬಲೆ ಬಿಟ್ಟಿರುತ್ತಾರೆ. ಕೂರುವ ಮೊದಲು "ಅಣ್ಣಾ, ಇಲ್ಲಿ ಬಲೆ ಬಿಟ್ಟಿದ್ದೀರಾ?" ಎಂದು ಕೇಳಿದರೆ ಅವರ ಬಲೆಯೂ ಉಳಿಯುತ್ತದೆ, ನಿಮ್ಮ ದಾರವೂ ಉಳಿಯುತ್ತದೆ. ತಳ ಎಲ್ಲಿ ಕಲ್ಲು, ಎಲ್ಲಿ ಕೆಸರು, ಎಲ್ಲಿ ಮಡು, ಮೊಸಳೆ ಕಂಡ ಜಾಗ ಯಾವುದು ಎಂಬುದೆಲ್ಲ ಅವರಿಗೆ ಗೊತ್ತು. ವಿನಯದಿಂದ ಕೇಳಿದವರಿಗೆ ಹೇಳದೆ ಇರುವುದಿಲ್ಲ.

ಇನ್ನು ಅಣೆಕಟ್ಟೆಯ ನೀರು. ಹೊಳೆನರಸೀಪುರ ಇರುವುದು ಗೊರೂರಿನ ಹೇಮಾವತಿ ಜಲಾಶಯದ ಕೆಳಗೆ. ಊರಿನಲ್ಲಿ ಹನಿ ಮಳೆ ಇಲ್ಲದಿದ್ದರೂ ಮೇಲೆ ಮಲೆನಾಡಿನಲ್ಲಿ ಸುರಿದು ಜಲಾಶಯ ತುಂಬಿದರೆ ನೀರು ಬಿಡುತ್ತಾರೆ, ಹೊಳೆ ಏರುತ್ತದೆ. ಮುಂಗಾರಿನ ದಿನಗಳಲ್ಲಿ ನದಿಪಾತ್ರದ ಜನರಿಗೆ ಕೊಡುವ ಎಚ್ಚರಿಕೆಯನ್ನು ಪತ್ರಿಕೆಯಲ್ಲಿ ನೋಡಿಕೊಳ್ಳಿ. ಯಾವ ದಿನವಾದರೂ ಸರಿ, ಕೂತ ತಕ್ಷಣ ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಡಿ. ನೀರು ಆ ಕಡ್ಡಿಯ ಮೇಲೆ ನಾಲ್ಕು ಬೆರಳು ಏರಿದರೆ ಸಾಮಾನು ಎತ್ತಿಕೊಂಡು ಮೇಲೆ ಬನ್ನಿ. ಮೀನು ಕಚ್ಚುತ್ತಿದೆ ಎಂದು ಇನ್ನೂ ಹತ್ತು ನಿಮಿಷ ಕೂರುವ ಆಸೆ ಬೇಡ. ಹೊಳೆಯ ನಡುವಿನ ಬಂಡೆ, ಮರಳದಿಬ್ಬಗಳ ಮೇಲೆ ಹೋಗಿ ಕೂರುವುದಂತೂ ಬೇಡವೇ ಬೇಡ.

ಕಾಲದ ಮಾತು: ಮುಂಗಾರು ಗೆಂಡೆ ಜಾತಿಗಳು ಮೊಟ್ಟೆ ಇಡುವ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಕೋಲನ್ನು ಅಟ್ಟದ ಮೇಲಿಡಿ. ದಸರೆ ಕಳೆದು ನೀರು ತಿಳಿಯಾಗತೊಡಗಿದಾಗ ಒಳ್ಳೆಯ ಕಾಲ ಶುರುವಾಗುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮೀನು ಮಂಕಾಗುತ್ತದೆ; ಆಗ ಬೆಳಗಿನ ಜಾವಕ್ಕಿಂತ ಬಿಸಿಲೇರಿದ ಮೇಲೆ ಕೂರುವುದು ಮೇಲು. ಶಿವರಾತ್ರಿಯಿಂದ ಮೇ ವರೆಗೆ ಹೊಳೆ ಇಳಿದು ಮೀನು ಮಡುಗಳಿಗೆ ಸೇರಿಕೊಳ್ಳುತ್ತದೆ. ಆಗ ಹೊತ್ತು ಮೂಡುವ ಮೊದಲಿನ ಗಂಟೆ, ಮುಳುಗುವ ಮೊದಲಿನ ಗಂಟೆ, ಇವೆರಡೇ ಕೆಲಸಕ್ಕೆ ಬರುತ್ತವೆ.

ಕೋಲು, ದಾರ, ಬೆಂಡು

ಕೋಲು ಹದಿನೈದರಿಂದ ಹದಿನೆಂಟು ಅಡಿ ಇರಲಿ, ಅಂದರೆ ಸುಮಾರು 4.5ರಿಂದ 5.4 ಮೀಟರ್. ಒಂದರೊಳಗೊಂದು ಸೇರಿಕೊಳ್ಳುವ ಫೈಬರ್ ಕೋಲು ಹೊಸಬರಿಗೆ ಅನುಕೂಲ, ಬಸ್ಸಿನಲ್ಲಿ ತರಬಹುದು. ಕಾರ್ಬನ್ ಕೋಲು ಹಗುರ, ಆದರೆ ಬೆಲೆ ಹೆಚ್ಚು, ಪೆಟ್ಟು ತಡೆಯುವುದಿಲ್ಲ. ಅದರಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದು ಇನ್ನೂ ಮುಖ್ಯ. ಊರ ದಡದಲ್ಲಿ ಪಂಪ್‌ಸೆಟ್ಟಿನ ತಂತಿ, ಬೀದಿದೀಪದ ತಂತಿ ಎಲ್ಲೆಂದರಲ್ಲಿ ಹಾದುಹೋಗಿರುತ್ತವೆ. ಎತ್ತಿ ಹಿಡಿದ ಹದಿನೆಂಟು ಅಡಿಯ ಕೋಲಿನ ತುದಿ ಅವಕ್ಕೆ ಸುಲಭವಾಗಿ ಎಟುಕುತ್ತದೆ. ಕೋಲು ಬಿಚ್ಚುವ ಮೊದಲು ತಲೆ ಎತ್ತಿ ನೋಡಿ. ತಂತಿ ಇದ್ದರೆ ಆ ಜಾಗ ಬಿಟ್ಟುಬಿಡಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದರೆ ಕೋಲು ಮಡಚಿ ಹೊರಡಿ. ಹಸಿ ಬಿದಿರಿಗೂ, ಒದ್ದೆ ದಾರಕ್ಕೂ ಈ ಮಾತು ಅನ್ವಯಿಸುತ್ತದೆ.

ಬಿದಿರಿನ ಕೋಲಿನ ಮೇಲೆ ನನಗೆ ಹೆಚ್ಚಿನ ಪ್ರೀತಿ. ಒಳಗೆ ಟೊಳ್ಳು ಕಡಿಮೆ ಇರುವ ಕಿರುಬಿದಿರಿನ ನೆಟ್ಟನೆಯ ಗಳವನ್ನು ಬುಟ್ಟಿ ಹೆಣೆಯುವ ಮೇದರ ಬಳಿ ಕೇಳಿ ಕೊಳ್ಳಿ, ಕಾಡಿನಿಂದ ಕಡಿಯಬೇಡಿ. ಗೆಣ್ಣುಗಳನ್ನು ಉಜ್ಜಿ ನಯಮಾಡಿ, ತುದಿಯನ್ನು ತೊಲೆಗೆ ಕಟ್ಟಿ, ಬುಡಕ್ಕೆ ಒಂದು ಇಟ್ಟಿಗೆ ತೂಗಹಾಕಿ, ನೆರಳಲ್ಲಿ ಒಂದೆರಡು ತಿಂಗಳು ಒಣಗಲು ಬಿಟ್ಟರೆ ಡೊಂಕು ಬಹುಮಟ್ಟಿಗೆ ಹೋಗುತ್ತದೆ. ಆಮೇಲೆ ಹರಳೆಣ್ಣೆ ಸವರಿ. ದಾರವನ್ನು ತುದಿಗೆ ಮಾತ್ರ ಕಟ್ಟಬೇಡಿ. ತುದಿಯಿಂದ ನಾಲ್ಕು ಅಡಿ ಕೆಳಗೆ ಕಟ್ಟಿ, ಅಲ್ಲಿಂದ ಗಳಕ್ಕೆ ಸುತ್ತಿಕೊಂಡು ತುದಿಯವರೆಗೆ ತಂದು ಅಲ್ಲಿ ಇನ್ನೊಂದು ಗಂಟು ಹಾಕಿ. ಕೋಲಿನ ತುದಿ ಮುರಿದರೂ ಮೀನು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಬಾಯಲ್ಲಿ ಗಾಳ, ಹಿಂದೆ ಎರಡು ಮಾರು ದಾರ ಎಳೆದುಕೊಂಡು ಸಾಯುವ ಗತಿ ಅದಕ್ಕೆ ಬರುವುದಿಲ್ಲ.

ದಾರ ತಂಗೂಸಿನದು, 0.25 ಮಿ.ಮೀ. ದಪ್ಪದ್ದು. ಅದರ ಕೊನೆಗೆ ಒಂದು ಗೇಣು ಉದ್ದದ ತೆಳು ದಾರ, 0.20 ಮಿ.ಮೀ.ಯದು, ಕುಣಿಕೆ ಹಾಕಿ ಸೇರಿಸಿ. ಗಾಳ ಕಟ್ಟುವುದು ಈ ತೆಳು ದಾರಕ್ಕೆ. ರೀಲಿಲ್ಲದ ಕೋಲಿನಲ್ಲಿ ಬಿಟ್ಟುಕೊಡಲು ಹೆಚ್ಚಿನ ದಾರವಿರುವುದಿಲ್ಲ. ತಡೆಯಲಾಗದ ಮೀನು ಬಂದರೆ ಎಲ್ಲಾದರೂ ಹರಿಯಲೇಬೇಕು, ಅದು ಗಾಳದ ಹತ್ತಿರವೇ ಹರಿಯಲಿ. ಗಾಳದಿಂದ ಕೋಲಿನ ತುದಿಯವರೆಗಿನ ಒಟ್ಟು ದಾರ ಕೋಲಿಗಿಂತ ಒಂದಡಿ ಗಿಡ್ಡವಿರಲಿ. ಹಾಗಿದ್ದರೆ ಕೋಲು ನೆಟ್ಟಗೆ ಎತ್ತಿದಾಗ ಗಾಳ ತಾನಾಗಿ ಎಡಗೈಗೆ ಬಂದು ನಿಲ್ಲುತ್ತದೆ.

ಗಾಳದ ಅಳತೆ 8ರಿಂದ 12ರ ನಡುವೆ. ಸಂಖ್ಯೆ ಹೆಚ್ಚಿದಷ್ಟೂ ಗಾಳ ಚಿಕ್ಕದು. ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ದಾರ ಬಿಗಿಯಾಗಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ, ಬಿಡಿಸುವಾಗ ತುಟಿ ಹರಿಯುವುದಿಲ್ಲ, ನಿಮ್ಮ ಬೆರಳಿಗೆ ಚುಚ್ಚಿಕೊಂಡರೂ ಆಸ್ಪತ್ರೆಗೆ ಓಡಬೇಕಾಗುವುದಿಲ್ಲ.

ಬೆಂಡು ತೆಳ್ಳಗೆ, ಉದ್ದಕ್ಕೆ ಇರಲಿ. ಗುಂಡು ಥರ್ಮಾಕೋಲ್ ಚೂರಿಗೆ ಗೆಂಡೆಯ ಮೃದುವಾದ ಎಳೆತ ಗೊತ್ತಾಗುವುದೇ ಇಲ್ಲ. ಸಿಪ್ಪೆ ತೆಗೆದ ಜೋಳದ ದಂಟಿನ ಬೆಂಡನ್ನು ಕಿರುಬೆರಳಿಗಿಂತ ಸಣ್ಣಗೆ ಕತ್ತರಿಸಿ, ತುದಿಗೆ ಕೆಂಪು ಉಗುರುಬಣ್ಣ ಹಚ್ಚಿ ಬಳಸಬಹುದು. ಬೆಂಡಿನ ಕೆಳಗಿನ ದಾರಕ್ಕೆ ಸೀಳಿರುವ ಸೀಸದ ಗುಂಡುಗಳನ್ನು ಒಂದೊಂದೇ ಸೇರಿಸುತ್ತ ಹೋಗಿ, ಬೆಂಡಿನ ಬಣ್ಣದ ತುದಿ ನೀರಿನ ಮೇಲೆ ಅರ್ಧ ಇಂಚು ಮಾತ್ರ ಉಳಿದಾಗ ನಿಲ್ಲಿಸಿ. ಸೀಸವನ್ನು ಹಲ್ಲಿನಿಂದ ಕಚ್ಚಿ ಮುಚ್ಚುವ ಅಭ್ಯಾಸ ಹಲವರಿಗಿದೆ. ಸೀಸ ವಿಷ, ಇಕ್ಕಳ ಬಳಸಿ.

ಇವುಗಳ ಜೊತೆಗೆ ಉದ್ದ ಹಿಡಿಯ ಕೈಬಲೆ ಇರಲೇಬೇಕು. ಅದಿಲ್ಲದೆ ಗೆಂಡೆಗೆ ಕೂರಬೇಡಿ.

ಮೇವು

ಹಿಟ್ಟಿನ ಮೇವಿನಷ್ಟು ನಮ್ಮ ಹೊಳೆಗೆ ಒಗ್ಗುವುದು ಬೇರೆ ಇಲ್ಲ. ಒಂದು ಬಟ್ಟಲು ಗೋಧಿ ಹಿಟ್ಟು, ಅರ್ಧ ಬಟ್ಟಲು ರಾಗಿ ಹಿಟ್ಟು, ಒಂದು ಚಮಚ ಪುಡಿಬೆಲ್ಲ, ಚಿಟಿಕೆ ಸೋಂಪಿನ ಪುಡಿ ಅಥವಾ ಇಂಗು. ಬರೀ ರಾಗಿ ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ, ಬರೀ ಗೋಧಿ ರಬ್ಬರಿನಂತಾಗುತ್ತದೆ. ಎರಡೂ ಸೇರಿದರೆ ಹದ ಬರುತ್ತದೆ. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ. ಆಮೇಲೆ ಒಂದು ಚಿಕ್ಕ ಹಿಡಿ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಹಿಟ್ಟಿನಲ್ಲಿ ಕಾಣದಂತೆ ನಾದಿಬಿಡಿ. ಈ ಎಳೆಗಳು ಹಿಟ್ಟನ್ನು ಗಾಳಕ್ಕೆ ಹಿಡಿದಿಡುತ್ತವೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಹದ ನೋಡುವುದು ಹೀಗೆ: ಕಡಲೆಕಾಳಿನಷ್ಟು ಉಂಡೆ ಮಾಡಿ ಒಂದು ಲೋಟ ನೀರಿಗೆ ಹಾಕಿ. ಹತ್ತು ನಿಮಿಷ ಉಂಡೆ ಒಡೆಯಬಾರದು, ಆದರೆ ಬೆರಳಲ್ಲಿ ಒತ್ತಿದರೆ ಮೆತ್ತಗೆ ಕುಸಿಯಬೇಕು. ಒಡೆದರೆ ಗೋಧಿ ಸೇರಿಸಿ. ಕುಸಿಯದಿದ್ದರೆ ಹನಿ ನೀರು ಹಾಕಿ ಮತ್ತೆ ನಾದಿ. ಗಟ್ಟಿ ಉಂಡೆಯೊಳಗೆ ಹುದುಗಿದ ಗಾಳ ಮೀನಿನ ತುಟಿ ಮುಟ್ಟುವುದೇ ಇಲ್ಲ.

ಪಕ್ಕೆ, ಜಿಲೇಬಿಯಂಥ ಸಣ್ಣ ಮೀನುಗಳು ಹಿಟ್ಟನ್ನು ಕಿತ್ತು ಮುಗಿಸುತ್ತಿದ್ದರೆ ಮುಸುಕಿನ ಜೋಳಕ್ಕೆ ಬದಲಾಯಿಸಿ. ಒಂದು ಹಗಲು ಒಂದು ರಾತ್ರಿ ನೆನೆಸಿ, ಉಗುರಿಗೆ ಸಿಗುವಷ್ಟು ಮೆತ್ತಗೆ ಬೇಯಿಸಿ, ಬೇಯಿಸಿದ ನೀರಿನಲ್ಲೇ ಮತ್ತೊಂದು ದಿನ ಬಿಟ್ಟರೆ ಹುಳಿವಾಸನೆ ಬರುತ್ತದೆ. ಆ ವಾಸನೆ ಗೆಂಡೆಗೆ ಇಷ್ಟ. ಬೇಯದ ಕಾಳನ್ನು ಹೊಳೆಗೆ ಎಸೆಯಬೇಡಿ, ಅದು ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತದೆ. ಎರೆಹುಳು ಮೊದಲ ಮಳೆಯ ನಂತರದ ಕೆಂಪು ನೀರಿಗೆ ಚೆನ್ನ, ಉಳಿದಂತೆ ಅದಕ್ಕೆ ಬೇಡದ ಮೀನೇ ಹೆಚ್ಚು.

ಮೀನನ್ನು ಕರೆಯಲು ನೀರಿಗೆ ಎಸೆಯುವ ಕರೆಮೇವಿಗೆ ಅಕ್ಕಿ ತೌಡು ಎರಡು ಪಾಲು, ಪುಡಿಮಾಡಿದ ಕಡಲೆಕಾಯಿ ಹಿಂಡಿ ಒಂದು ಪಾಲು. ಹೊಳೆಯ ನೀರನ್ನೇ ಚಿಮುಕಿಸಿ, ಹಿಡಿದರೆ ಉಂಡೆಯಾಗುವಷ್ಟು, ತಳ ಮುಟ್ಟಿದರೆ ಒಡೆಯುವಷ್ಟು ಹದಮಾಡಿ. ನಿಂಬೆಹಣ್ಣಿನ ಗಾತ್ರದ ಮೂರು ನಾಲ್ಕು ಉಂಡೆ ಮೊದಲಿಗೆ. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಅಡಿಕೆ ಗಾತ್ರದ್ದು ಒಂದು, ಪ್ರತಿ ಸಲವೂ ಬೆಂಡು ನಿಂತ ಜಾಗಕ್ಕೇ. ಕಿಲೋಗಟ್ಟಲೆ ಸುರಿಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹೊಟ್ಟೆ ತುಂಬಿದ ಮೀನು ಗಾಳ ಮುಟ್ಟುವುದಿಲ್ಲ, ಉಳಿದದ್ದು ತಳದಲ್ಲಿ ಕೊಳೆತು ಹೊಳೆಯನ್ನು ಕೆಡಿಸುತ್ತದೆ.

ಜಾಗ ಆರಿಸಿ, ಆಳ ಅಳೆಯಿರಿ

ಸೇತುವೆಯ ಕಂಬದ ಕೆಳಮಗ್ಗುಲಲ್ಲಿ ನೀರು ನಿಧಾನವಾಗುವ ಕಡೆ, ಹೊಳೆ ತಿರುಗುವಲ್ಲಿ ಒಳಬದಿ, ನೀರಿಗೆ ಬಾಗಿದ ಹೊಂಗೆ ಅಥವಾ ಹೊಳೆಮತ್ತಿಯ ನೆರಳು, ಜೊಂಡಿನ ಅಂಚು: ನೋಡಬೇಕಾದದ್ದು ಇಂಥ ಜಾಗಗಳನ್ನು. ಒಂದಷ್ಟು ಹೊತ್ತು ದಡದ ಮೇಲೆ ನಿಂತು ಸುಮ್ಮನೆ ನೋಡಿ. ತಳದಿಂದ ಸಣ್ಣ ಗುಳ್ಳೆಗಳ ಗೊಂಚಲು ಎದ್ದು, ಒಂದಡಿ ಸರಿದು ಮತ್ತೆ ಏಳುತ್ತಿದ್ದರೆ ಅಲ್ಲಿ ಗೆಂಡೆ ಕೆಸರು ಕೆದಕುತ್ತಿದೆ. ಒಂದೇ ಕಡೆ ಏಳುವ ಗುಳ್ಳೆ ಕೊಳೆತ ಎಲೆಯ ಗಾಳಿ, ಅದಕ್ಕೆ ಮರುಳಾಗಬೇಡಿ. ಚರಂಡಿ ನೀರು ಹೊಳೆಗೆ ಸೇರುವ ಬಾಯಲ್ಲಿ ಮೀನು ಗುಂಪುಗೂಡುವುದು ನಿಜ. ಅಲ್ಲಿ ಕೂರಬೇಡಿ, ಅಲ್ಲಿಯ ಮೀನು ತಿನ್ನಬೇಡಿ. ಕಾಲಿಗೆ ಗಾಯವಿದ್ದಾಗ ಊರ ಹೊಳೆಯ ನೀರಿಗೆ ಇಳಿಯುವುದೂ ಒಳ್ಳೆಯದಲ್ಲ, ಇಲಿಜ್ವರ ಹರಡುವುದು ಇಂಥ ನೀರಿನಿಂದಲೇ.

ಜಾಗ ಸಿಕ್ಕಿದ ಮೇಲೆ ಆಳ ಅಳೆಯುವ ಕೆಲಸ. ಮೇವು ಎಸೆಯುವ ಮೊದಲೇ ಇದು ಆಗಬೇಕು, ಹೆಚ್ಚಿನವರು ಬಿಡುವುದೂ ಇದನ್ನೇ. ಗಾಳಕ್ಕೆ ಒಂದು ಭಾರವಾದ ನಟ್ಟು ಸಿಕ್ಕಿಸಿ, ಕೋಲನ್ನು ಚಾಚಿ ಮೆಲ್ಲಗೆ ನೀರಿಗೆ ಇಳಿಸಿ. ಬೆಂಡು ಪೂರ್ತಿ ಮುಳುಗಿತೆಂದರೆ ಆಳ ಹೆಚ್ಚು, ಬೆಂಡನ್ನು ಮೇಲಕ್ಕೆ ಸರಿಸಿ. ಬೆಂಡು ಅಡ್ಡ ಮಲಗಿತೆಂದರೆ ಆಳ ಕಡಿಮೆ, ಕೆಳಕ್ಕೆ ಸರಿಸಿ. ಬಣ್ಣದ ತುದಿ ನೀರಿನ ಮಟ್ಟಕ್ಕೆ ಸರಿಯಾಗಿ ನಿಂತಾಗ ಆ ಬಿಂದುವಿನ ಆಳ ಸಿಕ್ಕಿತು. ಅಷ್ಟಕ್ಕೆ ನಿಲ್ಲಿಸದೆ ಒಂದಡಿ ಈಚೆ, ಒಂದಡಿ ಆಚೆ, ಎಡಕ್ಕೆ, ಬಲಕ್ಕೆ ಅಳೆಯಿರಿ. ದಡದ ಬಳಿ ಎರಡಡಿ ಇದ್ದದ್ದು ಮುಂದೆ ಮೂರು, ನಾಲ್ಕು, ಐದಾಗಿ ಎಲ್ಲೋ ಒಂದು ಕಡೆ ಸಮವಾಗುತ್ತದೆ. ಸಮವಾಗುವ ಆ ಗೆರೆಯೇ ಇಳಿಜಾರಿನ ಬುಡ, ನಿಮ್ಮ ಬೆಂಡು ನಿಲ್ಲಬೇಕಾದ ಜಾಗ. ನಟ್ಟು ಮೇಲೆತ್ತಿದಾಗ ಅದಕ್ಕೆ ಅಂಟಿದ್ದನ್ನೂ ನೋಡಿ. ಕಪ್ಪು ಕೆಸರು ದುರ್ವಾಸನೆ ಬೀರುತ್ತಿದ್ದರೆ ಗಾಳವನ್ನು ಬೇರೆಡೆಗೆ ಸರಿಸಿ. ಮರಳು ಬೆರೆತ ಮಣ್ಣಾದರೆ ಒಳ್ಳೆಯ ತಳ.

ತಳದ ಗೆಂಡೆಗೆ ಬೆಂಡನ್ನು ಅಳೆದ ಆಳಕ್ಕಿಂತ ಮೂರು ನಾಲ್ಕು ಬೆರಳು ಮೇಲಕ್ಕೆ ಸರಿಸಿದರೆ ಮೇವು ತಳದಲ್ಲಿ ಮಲಗುತ್ತದೆ. ಹರಿವು ಇದ್ದರೆ ಇನ್ನೂ ಒಂದು ಗೇಣು ಸರಿಸಿ, ಕೋಲಿನ ತುದಿಯಿಂದ ಬೆಂಡನ್ನು ಹಿಡಿದು ನಿಲ್ಲಿಸಿ. ಹರಿವಿನ ಜೊತೆ ಓಡುವ ಮೇವನ್ನು ಗೆಂಡೆ ನಂಬುವುದಿಲ್ಲ. ರೋಹು ಬೇಕೆಂದರೆ ಆಳದ ಮುಕ್ಕಾಲಿಗೆ, ಕಟ್ಲಾ ಬೇಕೆಂದರೆ ಮೇಲಿನ ಎರಡು ಮೂರು ಅಡಿಗೆ ತೂಗಬಿಡಿ.

ಕೂರುವುದು ನೀರಿನ ಅಂಚಿನಿಂದ ಎರಡು ಹೆಜ್ಜೆ ಹಿಂದೆ. ನಿಮ್ಮ ನೆರಳು ನೀರಿನ ಮೇಲೆ ಬೀಳದ ಬದಿಗೆ. ಮಾತಿಗಿಂತ ನೆಲಕ್ಕೆ ಬಡಿಯುವ ಹೆಜ್ಜೆ ಮೀನನ್ನು ಹೆಚ್ಚು ಹೆದರಿಸುತ್ತದೆ. ಚಪ್ಪಲಿ ಕಳಚಿಟ್ಟು ನಿಧಾನವಾಗಿ ನಡೆಯಿರಿ.

ಬೆಂಡು ಹೇಳುವುದನ್ನು ಕೇಳಿ

ಬೆಂಡು ಚಟಪಟ ಕುಣಿದರೆ ಸಣ್ಣ ಮೀನು. ಕೈ ಕಟ್ಟಿ ಕೂತಿರಿ. ನಿಂತಲ್ಲೇ ಸಣ್ಣಗೆ ನಡುಗಿ, ಸುತ್ತ ಒಂದು ಉಂಗುರ ಎದ್ದು, ಮತ್ತೆ ಸುಮ್ಮನಾದರೆ ಗೆಂಡೆ ಮೇವನ್ನು ಎಳೆದು ಉಗುಳಿ ನೋಡುತ್ತಿದೆ. ಈಗಲೂ ಎತ್ತಬೇಡಿ, ಕೋಲಿನ ಹಿಡಿಗೆ ಮಾತ್ರ ಕೈ ಇಡಿ. ಆಮೇಲೆ ಎರಡರಲ್ಲಿ ಒಂದು ಆಗುತ್ತದೆ. ಬೆಂಡು ಓರೆಯಾಗಿ, ಅವಸರವಿಲ್ಲದೆ, ಒಂದು ದಿಕ್ಕಿಗೆ ಸರಿಯುತ್ತ ಮುಳುಗುತ್ತದೆ. ಇಲ್ಲವೇ ನೀರಿನಿಂದ ಮೇಲಕ್ಕೆ ಎದ್ದು ಅಡ್ಡ ಮಲಗುತ್ತದೆ. ಮೀನು ಮೇವು ಬಾಯಲ್ಲಿಟ್ಟುಕೊಂಡು ತಲೆ ಎತ್ತಿದಾಗ ಸೀಸದ ಭಾರ ಬೆಂಡಿನಿಂದ ಬಿಟ್ಟುಹೋಗುವುದರಿಂದ ಹೀಗಾಗುತ್ತದೆ. ಹೊಸಬರು ಇದನ್ನು ಕಂಡು ಏನೋ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಬಿಟ್ಟುಬಿಡುತ್ತಾರೆ. ಎತ್ತಬೇಕಾದ ಗಳಿಗೆ ಅದೇ.

ಎತ್ತುವುದು ಮಣಿಕಟ್ಟಿನಿಂದ, ಒಂದಡಿಯಷ್ಟು, ಮೇಲಕ್ಕೆ. ಭುಜದಿಂದ ಬೀಸಿ ಎಳೆದರೆ ಗಾಳ ತುಟಿ ಹರಿದುಕೊಂಡು ಹಿಂದಿನ ಮರಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹಿಂದೆ ನಿಂತು ನೋಡುವ ಮಕ್ಕಳ ಕಣ್ಣಿಗೂ ಅಪಾಯ. ಊರ ಹೊಳೆಯಲ್ಲಿ ನೋಡುವವರು ಇದ್ದೇ ಇರುತ್ತಾರೆ. ಅವರನ್ನು ಮೊದಲೇ ಪಕ್ಕಕ್ಕೆ ಕೂರಿಸಿ.

ಮೀನು ತಿರುಗಿಬಿದ್ದಾಗ

ಎರಡು ಕಿಲೋ ಗೆಂಡೆ ಮೊದಲ ಓಟಕ್ಕೆ ಹೊರಟರೆ ಕೋಲಿನ ಬುಡದವರೆಗೂ ನಡುಕ ಬರುತ್ತದೆ. ಆಗ ನೆನಪಿಡಬೇಕಾದದ್ದು ಒಂದೇ: ಕೋಲು ಮತ್ತು ದಾರ ಒಂದೇ ನೇರಕ್ಕೆ ಬರಕೂಡದು. ಕೋಲು ಬಾಗಿರುವವರೆಗೆ ಮೀನಿನ ಬಲವನ್ನು ಆ ಬಾಗು ತಿನ್ನುತ್ತದೆ; ಕೋಲು ಮೀನಿನತ್ತ ಚಾಚಿಕೊಂಡ ಕ್ಷಣ ದಾರ ತುಂಡು. ಆದ್ದರಿಂದ ಬುಡವನ್ನು ಹೊಟ್ಟೆಗೆ ಆನಿಸಿ, ತುದಿಯನ್ನು ಮೇಲೆ ಇಟ್ಟು, ಮೀನು ಹೋದ ದಿಕ್ಕಿಗೆ ದಡದ ಮೇಲೆ ನೀವೂ ನಡೆಯಿರಿ. ಜೊಂಡಿಗೋ ಕಂಬಕ್ಕೋ ನುಗ್ಗುತ್ತಿದ್ದರೆ ಕೋಲನ್ನು ಎದುರು ಬದಿಗೆ ಓರೆಯಾಗಿ ಮಲಗಿಸಿ ಒತ್ತಡ ಕೊಡಿ. ಪಕ್ಕದಿಂದ ಬರುವ ಎಳೆತಕ್ಕೆ ಮೀನಿನ ತಲೆ ತಿರುಗುತ್ತದೆ, ತಲೆ ತಿರುಗಿದ ಕಡೆಗೆ ಮೀನು ಬರುತ್ತದೆ. ನಡೆಯಲು ಜಾಗ ಮುಗಿದು, ಕೋಲು ಚಾಚಿಯೂ ಮುಗಿದು, ಮೀನು ಇನ್ನೂ ಹೋಗುತ್ತಿದ್ದರೆ ಹೋಗಲಿ. ತೆಳು ದಾರ ಕಟ್ಟಿದ್ದು ಅದಕ್ಕಾಗಿಯೇ. ಮೀನಿನ ಹಿಂದೆ ನೀರಿಗೆ ಇಳಿಯಬೇಡಿ.

ಎರಡು ಮೂರು ಓಟ ಮುಗಿದ ಮೇಲೆ ಮೀನು ಮೇಲಕ್ಕೆ ಬಂದು ಗಾಳಿ ಗುಟುಕರಿಸುತ್ತದೆ. ಆಗ ಕೈಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು, ಮೀನನ್ನು ಅದರ ಮೇಲಕ್ಕೆ ತನ್ನಿ, ಆಮೇಲೆ ಬಲೆ ಎತ್ತಿ. ಬಲೆಯನ್ನು ಹಿಡಿದು ಮೀನಿನ ಹಿಂದೆ ಓಡಿಸಿದರೆ ಅದು ಇನ್ನೊಂದು ಓಟ ಕೀಳುತ್ತದೆ, ಹೆಚ್ಚಿನ ಮೀನುಗಳು ತಪ್ಪುವುದು ಈ ಹಂತದಲ್ಲೇ. ದಾರ ಹಿಡಿದು ಎತ್ತುವುದಂತೂ ಆಗದ ಮಾತು.

ದಡಕ್ಕೆ ಬಂದ ಮೇಲೆ

ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈ ಮೀನಿನ ಲೋಳೆ ಕೀಳುತ್ತದೆ, ಲೋಳೆ ಹೋದ ಕಡೆ ಬೂಸ್ಟು ಹಿಡಿಯುತ್ತದೆ. ಬಿಸಿಲಿಗೆ ಕಾದ ಕಲ್ಲಿನ ಮೆಟ್ಟಿಲ ಮೇಲೆ ಇಡಬೇಡಿ, ಒದ್ದೆ ಹುಲ್ಲಿನ ಮೇಲಿಡಿ. ಗಾಳ ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಗಂಟಲಿಗೆ ಇಳಿದಿದ್ದರೆ ಕೀಳಲು ಹೋಗದೆ ದಾರವನ್ನು ಹತ್ತಿರಕ್ಕೆ ಕತ್ತರಿಸಿ. ಬಿಡುವ ಮೀನನ್ನು ಎಸೆಯಬಾರದು. ಹರಿವಿಗೆ ಮುಖ ಮಾಡಿಸಿ, ಹೊಟ್ಟೆಯ ಕೆಳಗೆ ಅಂಗೈ ಇಟ್ಟು ಹಿಡಿದುಕೊಳ್ಳಿ. ಬಾಲ ಬೀಸಿ ತಾನೇ ಹೊರಟಾಗ ಬಿಡಿ.

ಮನೆಗೆ ಒಂದೋ ಎರಡೋ ಸಾಕು. ಒಯ್ಯುವ ಮೀನನ್ನು ದಡದಲ್ಲಿ ಒದ್ದಾಡಲು ಬಿಡದೆ ತಲೆಗೆ ಒಂದೇ ಪೆಟ್ಟು ಕೊಟ್ಟು, ಕಿವಿರು ಕರುಳು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಿ. ಹೊಟ್ಟೆ ತುಂಬ ಮೊಟ್ಟೆ ಇರುವ ಹೆಣ್ಣು ಮೀನನ್ನು ಯಾವ ಕಾಲದಲ್ಲಿ ಸಿಕ್ಕಿದರೂ ಬಿಟ್ಟುಬಿಡಿ. ಸಾಮಾನ್ಯ ಗೆಂಡೆಗೆ ಕೆಸರುವಾಸನೆ ಇರುತ್ತದೆ. ತುಂಡುಗಳನ್ನು ಕಲ್ಲುಪ್ಪು, ಅರಿಶಿನ, ಹುಣಸೆರಸದಲ್ಲಿ ಅರ್ಧ ಗಂಟೆ ಇಟ್ಟು ಎರಡು ನೀರಿನಲ್ಲಿ ತೊಳೆದರೆ ಬಹುಪಾಲು ಹೋಗುತ್ತದೆ. ಅದಕ್ಕೆ ಒಪ್ಪುವುದು ಹುಳಿ ಮುಂದಾದ ಸಾರು, ಹಸಿಮೆಣಸಿಗಿಂತ ಒಣಮೆಣಸು. ಮುಳ್ಳು ಬಹಳ, ಮಕ್ಕಳಿಗೆ ಹೊಟ್ಟೆಯ ಭಾಗದ ತುಂಡು ಬಡಿಸಿ.

ಎದ್ದು ಬರುವಾಗ ತುಂಡಾದ ತಂಗೂಸನ್ನು ದಡದಲ್ಲಿ ಬಿಡಬೇಡಿ. ಕೊಕ್ಕರೆ, ನೀರುಕಾಗೆಗಳ ಕಾಲಿಗೆ ಅದು ಸುತ್ತಿಕೊಂಡರೆ ಬಿಡಿಸುವವರಿಲ್ಲ, ಬಟ್ಟೆ ಒಗೆಯಲು ಬರುವವರ ಪಾದಕ್ಕೂ ಗಾಳ ಚುಚ್ಚುತ್ತದೆ. ಚಿಕ್ಕ ಚಿಕ್ಕದಾಗಿ ಕತ್ತರಿಸಿ ಜೇಬಿಗೆ ಹಾಕಿಕೊಳ್ಳಿ. ಮೊದಲ ದಿನ ಏನೂ ಸಿಗದಿದ್ದರೆ ಜಾಗ ಬದಲಿಸುವ ಅವಸರ ಬೇಡ. ಅಳೆದು ಗುರುತಿಟ್ಟ ಅದೇ ಬಿಂದುವಿಗೆ ಎರಡು ಮೂರು ಸಂಜೆ ಒಂದು ಹಿಡಿ ಕರೆಮೇವು ಹಾಕಿ ಬನ್ನಿ, ಕೋಲು ಒಯ್ಯಬೇಡಿ. ಆಮೇಲಿನ ದಿನ ಅದೇ ಹೊತ್ತಿಗೆ, ಅದೇ ಮೇವಿನೊಂದಿಗೆ ಕೂತು ನೋಡಿ.